ಅಂಟಿಸಿದ ಕೂದಲು, ಅಳೆದ ಹಾಲು

ಹೋದ ವರ್ಷ ಯುಗಾದಿಗೆ ಎಂಟು ದಿನ ಇರುವಾಗ ನಾನು ತಲೆಗೆ ಕೂದಲು ಅಂಟಿಸಿಕೊಂಡೆ. ಅವತ್ತಿನಿಂದ ಅದರಿಂದಾಗಿ ಒಂದಲ್ಲ ಒಂದು ಎಡವಟ್ಟು ನಡೆಯುತ್ತಲೇ ಇದೆ. ನಿಲ್ಲುವ ಲಕ್ಷಣ ಕಾಣುತ್ತಿಲ್ಲ. ಬೇರೆಯವರು ತಮಗೆ ತೋಚಿದ ಹಾಗೆ ಹೇಳಿಕೊಂಡು ತಿರುಗುವ ಮೊದಲು, ನಡೆದ ಕ್ರಮದಲ್ಲಿ ನಾನೇ ಬರೆದಿಡುತ್ತೇನೆ.

ಮೊದಲು ಕೆಲವು ವಿವರ. ನನಗೆ ಇಪ್ಪತ್ತಾರು. ಓದಿದ್ದು ಬಿಎಸ್ಸಿ, ರಸಾಯನಶಾಸ್ತ್ರ. ಮೂರನೇ ಸೆಮಿಸ್ಟರಿನಲ್ಲಿ ಕೂದಲು ಉದುರಲು ಶುರುವಾಯಿತು, ಆರನೇ ಸೆಮಿಸ್ಟರಿಗೆ ಪಾಠದ ಜೊತೆಗೇ ಮುಗಿಯಿತು. ಪಕ್ಕದಲ್ಲಿ, ಹಿಂದೆ ಉಳಿಯಿತು. ನಡುವೆ ಬಯಲು.

ನಾನು ಹಾಕಿಸಿಕೊಂಡದ್ದಕ್ಕೆ ಪ್ಯಾಚ್ ಎನ್ನುತ್ತಾರೆ. ತೆಳುವಾದ ಬಲೆಗೆ ಕೂದಲು ಹೆಣೆದು, ಆ ಬಲೆಯನ್ನು ನೆತ್ತಿಗೆ ಗೋಂದಿನಿಂದ ಅಂಟಿಸುತ್ತಾರೆ. ಬೇಕೆಂದಾಗ ತೆಗೆದು ಬೇಕೆಂದಾಗ ಇಡುವಂಥದ್ದಲ್ಲ. ಮೂರು ವಾರ ಅದರಲ್ಲೇ ಸ್ನಾನ, ಅದರಲ್ಲೇ ನಿದ್ದೆ. ಆಮೇಲೆ ಬಿಚ್ಚಿ, ತೊಳೆದು, ಮತ್ತೆ ಅಂಟಿಸಬೇಕು.

ಯಾಕೆ ಹಾಕಿಸಿಕೊಂಡೆ ಎಂದು ಕೇಳುವವರಿದ್ದಾರೆ. ಬೇಕೆನಿಸಿತು, ಹಾಕಿಸಿಕೊಂಡೆ. ಕನ್ನಡಕ ಹಾಕಿದವರನ್ನು ಯಾರೂ ಹೀಗೆ ವಿಚಾರಣೆ ಮಾಡುವುದಿಲ್ಲ. ನನ್ನ ನಿಯಮ ಇಷ್ಟೇ: ಕೇಳಿದವರಿಗೆ ನಿಜ ಹೇಳುವುದು, ಕೇಳದವರ ಮನೆ ಬಾಗಿಲಿಗೆ ಹೋಗಿ ಹೇಳದಿರುವುದು.

ಯುಗಾದಿ ಕಳೆದ ಮೇಲೆ ಕೆಲಸಕ್ಕೆ ಸೇರಿದೆ. ಒಂದು ಡೇರಿಯಲ್ಲಿ ಹಾಲಿನ ಟೆಸ್ಟರ್. ರಾಮನಗರದಲ್ಲಿ ರೂಮು. ಬೆಳಿಗ್ಗೆ ಬೈಕಿನಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳ ಹಾಲಿನ ಕೇಂದ್ರಗಳಿಗೆ ಹೋಗಿ, ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವುದು. ಆರು ತಿಂಗಳು ಪ್ರೊಬೇಷನ್. ಸೇರಿದ ದಿನವೇ ಮ್ಯಾನೇಜರ್ ಹೇಳಿದ್ದರು: "ಈ ಕೆಲಸದಲ್ಲಿ ಇರೋದು ಒಂದೇ ವಿಷಯ. ನೀವು ಹೇಳಿದ ಅಂಕೀನ ಜನ ನಂಬಬೇಕು. ನಂಬದೆ ದೂರು ಕೊಟ್ರೆ ನಿಮ್ಮನ್ನ ಖಾಯಂ ಮಾಡೋಕೆ ನನ್ನಿಂದ ಆಗಲ್ಲ."

ಹಾಲು ಸುಲಭವಾಗಿತ್ತು. ತಲೆಯೇ ಕಷ್ಟ.

೧. ನೆತ್ತಿಗೆ ಎಣ್ಣೆ

ಯುಗಾದಿಗೆ ಅಜ್ಜಿಯ ಊರಿಗೆ ಹೋದೆ. ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅಜ್ಜಿ ಬಾಗಿಲಲ್ಲೇ ನನ್ನ ತಲೆ ನೋಡಿ ನಿಂತುಬಿಟ್ಟರು.

"ಬಂತಲ್ಲ ಮಗಾ ಕೂದ್ಲು! ನಾನು ದೇವ್ರಿಗೆ ಹರಕೆ ಕಟ್ಕಂಡಿದ್ದೆ."

"ದೇವರು ಕೊಟ್ಟಿದ್ದಲ್ಲ ಅಜ್ಜಿ. ಅಂಟಿಸಿದ್ದು."

"ಯಾರಾನಾ ಅಂಟುಸ್ಲಿ. ಬಂತಲ್ಲ."

ಇಷ್ಟು ಬೇಗ ವಿಷಯ ಮುಗಿಸಿದವರು ಇವತ್ತಿನವರೆಗೂ ಬೇರೆ ಯಾರೂ ಸಿಕ್ಕಿಲ್ಲ.

ಹಬ್ಬದ ಬೆಳಿಗ್ಗೆ ಎಣ್ಣೆ ಶಾಸ್ತ್ರ. ಮನೆಯವರೆಲ್ಲ ಸರದಿಯಲ್ಲಿ ಮಣೆಯ ಮೇಲೆ ಕೂರಬೇಕು. ಅಜ್ಜಿ ಹರಳೆಣ್ಣೆ ಬಟ್ಟಲು ಹಿಡಿದು ಒಬ್ಬೊಬ್ಬರ ನೆತ್ತಿಗೂ ಎಣ್ಣೆ ಇಟ್ಟು ತಟ್ಟುತ್ತಾರೆ. ನನ್ನ ಸರದಿ ಬಂದಾಗ ವಿವರಿಸಿದೆ.

"ಅಜ್ಜಿ, ಎಣ್ಣೆ ತಾಗಿದ್ರೆ ಗೋಂದು ಬಿಡುತ್ತೆ. ಅಂಗೈಗೆ ಹಚ್ಚು, ಪಾದಕ್ಕೆ ಹಚ್ಚು. ನೆತ್ತಿ ಬಿಟ್ಟುಬಿಡು."

"ನೆತ್ತಿಗೆ ಎಣ್ಣೆ ಇಲ್ದೆ ಅದ್ಯಾವ ಹಬ್ಬ ಕಣ್ಲಾ? ವರ್ಸ ಪೂರ್ತಿ ಉಷ್ಣ ಏರ್ತದೆ."

"ಏರಲಿ."

"ಸರಿ ಬುಡು. ಕಣ್ ಮುಚ್ಕೊ, ಕಾಲ್ಗೇ ಹಚ್ತೀನಿ."

ಕಾಲಿಗೆ ಎಣ್ಣೆ ಹಚ್ಚಲು ಕಣ್ಣು ಯಾಕೆ ಮುಚ್ಚಬೇಕು? ವಿಜ್ಞಾನ ಓದಿದವನು ಕೇಳಬೇಕಾದ ಪ್ರಶ್ನೆ. ಕೇಳಲಿಲ್ಲ. ಮುಚ್ಚಿದೆ.

ಬಟ್ಟಲು ಪೂರ್ತಿ ನೆತ್ತಿಯ ಮೇಲೆ ಬಿತ್ತು. ಅಜ್ಜಿ ಎರಡೂ ಅಂಗೈ ಇಟ್ಟು ತಿಕ್ಕಿದರು. ಎಂಬತ್ತರ ವಯಸ್ಸಿಗೆ ಆ ಶಕ್ತಿ ಎಲ್ಲಿಂದ ಬಂತೋ ಗೊತ್ತಿಲ್ಲ. ಐದು ನಿಮಿಷಕ್ಕೆ ಪ್ಯಾಚಿನ ಮುಂದಿನ ಅಂಚು ನನ್ನ ಹುಬ್ಬಿಗೆ ಇಳಿಯಿತು. ಇನ್ನೆರಡು ತಟ್ಟಿಗೆ ಮೂಗಿನವರೆಗೆ ಬಂತು.

ಅಜ್ಜಿ ಕೈ ತೆಗೆದು ನೋಡಿದರು. ಹೆದರಲಿಲ್ಲ. ಮನೆಮಂದಿಯನ್ನೆಲ್ಲ ಕೂಗಿ ಕರೆದರು.

"ಇವ್ರ ತಾತಂದು ಉದುರ್ತು. ಇವ್ರಪ್ಪಂದು ಉದುರ್ತು. ಇವಂದು ಮಾತ್ರ ಹೆಂಗೆ ನಡ್ಕಂಡ್ ಹೋಯ್ತಾ ಐತೆ ನೋಡ್ರೋ!"

೨. ತೊಳೆಯಬಾರದ್ದು

ಅಂಟಿಸಿದ ಕೂದಲಿಗೆ ಎಣ್ಣೆ ಆಗದು. ಆದರೆ ಎಣ್ಣೆ ಇಲ್ಲದೆ ಅದು ತೆಂಗಿನ ನಾರಾಗುತ್ತದೆ. ಹುಟ್ಟಿದ ಕೂದಲಿಗೆ ಚರ್ಮದಿಂದ ಜಿಡ್ಡು ಸಿಗುತ್ತದೆ. ಇದಕ್ಕೆ ಕೆಳಗಿನಿಂದ ಏನೂ ಬರುವುದಿಲ್ಲ. ಪರಿಹಾರ ಲೀವ್-ಇನ್ ಕಂಡೀಷನರ್. ಅಂದರೆ ಹಚ್ಚಿ, ತೊಳೆಯದೆ, ಹಾಗೇ ಬಿಡುವಂಥದ್ದು.

ವಿಧಾನ: ಕಡಲೆಕಾಳಿನಷ್ಟು ತೆಗೆದುಕೊಳ್ಳಬೇಕು. ಅಂಗೈಯಲ್ಲಿ ಹರಡಬೇಕು. ಕೂದಲ ತುದಿಯಿಂದ ನಡುವಿನವರೆಗೆ ಮಾತ್ರ ಸವರಬೇಕು. ಬಲೆಯಿಂದ ಒಂದು ಇಂಚು ದೂರ ನಿಲ್ಲಿಸಬೇಕು. ಬುಡಕ್ಕೆ ತಾಗಿದರೆ ಗೋಂದು ಮೆತ್ತಗಾಗುತ್ತದೆ. ಹತ್ತು ನಿಮಿಷ ಬಿಟ್ಟು ಬಾಚಬೇಕು. ಈ ಒಂದು ಇಂಚನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಒಮ್ಮೆ ಮರೆತೆ. ಅದು ಕೊನೆಯಲ್ಲಿ ಬರುತ್ತದೆ.

ಹಬ್ಬ ಮುಗಿಸಿ ಬರುವಾಗ ಮಾಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಕೇಳಿದೆ. ಅಂಗಡಿಯವರು ನಾಲ್ಕು ಬಾಟಲಿ ಇಟ್ಟರು. ನಾಲ್ಕೂ ತೊಳೆಯುವಂಥವು.

"ತೊಳೆಯೋದು ಬೇಡ. ಹಚ್ಚಿ ಹಾಗೇ ಬಿಡೋದು ಕೊಡಿ."

"ತೊಳೀದೆ ಬುಡೋದಾ?"

"ಹೌದು."

"ಅದ್ನ ಹಚ್ಕಂಡು ಹಂಗೇ ಆಚೆ ಓಡಾಡೋದಾ?"

"ಹೌದು."

ಅಂಗಡಿಯವರು ಬಾಟಲಿಗಳನ್ನು ಒಂದೊಂದಾಗಿ ಒಳಗಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, ನಿಜವಾದ ಕರುಣೆಯಿಂದ ಕೇಳಿದರು.

"ಯಾವ ಹಾಸ್ಟೆಲ್ಲು ಸಾರ್? ಅಷ್ಟೊಂದು ನೀರಿಗೆ ತೊಂದ್ರೆನಾ?"

೩. ಕಿಟಕಿಯ ಚೊಂಬು

ರಾಮನಗರದ ನನ್ನ ಮನೆ ಓನರ್ ರೇಷ್ಮೆ ರೀಲರ್. ಗೂಡು ತಂದು ನೂಲು ತೆಗೆಯುವುದು ಅವರ ಕೆಲಸ. ಕೆಳಗೆ ಅವರ ಸಂಸಾರ, ಮೇಲೆ ತಾರಸಿಯಲ್ಲಿ ನನ್ನ ರೂಮು. ಬಚ್ಚಲು ತಾರಸಿಯ ಇನ್ನೊಂದು ಮೂಲೆಯಲ್ಲಿ. ಮೆಟ್ಟಿಲು ಹತ್ತಿ ಬಂದವರಿಗೆ ಮೊದಲು ಕಾಣುವುದು ನನ್ನ ಕಿಟಕಿ.

ಮೂರು ವಾರಕ್ಕೊಮ್ಮೆ, ಭಾನುವಾರ, ಪ್ಯಾಚ್ ಬಿಚ್ಚುವ ದಿನ. ತೊಳೆದು, ಒಂದು ಹಿತ್ತಾಳೆ ಚೊಂಬನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿ, ಕಂಡೀಷನರ್ ಸವರಿ, ಗಾಳಿಗೆ ಕಿಟಕಿಯ ಬಳಿ ಇಡುತ್ತೇನೆ. ಒಂದು ಭಾನುವಾರ ಹಾಗೆ ಇಟ್ಟು ಸ್ನಾನಕ್ಕೆ ಹೋದೆ.

ಓನರ ಹೆಂಡತಿ ಮೇಲೆ ಬಂದರು. ಕಿಟಕಿಯಲ್ಲಿ, ಬೆನ್ನು ತಿರುಗಿಸಿ ಕೂತವನ ತಲೆ ಕಂಡಿತು. ಮಾತು ಶುರು ಮಾಡಿದರು. ಬಚ್ಚಲಿನಲ್ಲಿ ನನಗೆ ಎಲ್ಲವೂ ಕೇಳುತ್ತಿತ್ತು. ಮೈತುಂಬ ಸೋಪು.

"ನಾಳೆ ನೀರು ಬರಾಕಿಲ್ವಂತೆ, ಇವತ್ತೇ ಹಿಡ್ಕಳಿ... ಬೈಕ್ನ ಗೇಟಿಗೆ ಅಡ್ಡ ನಿಲ್ಸಬ್ಯಾಡಿ, ಎಷ್ಟ್ ಸಲ ಹೇಳೋದು... ನನ್ ತಂಗಿ ಮಗ್ಳಿಗೆ ಕೆಮಿಸ್ಟ್ರಿ ಒಸಿ ಹೇಳ್ಕೊಡ್ಬೇಕಲ್ಲ... ಏನು, ಆಗಾಕಿಲ್ವಾ? ಸುಮ್ನಿದ್ರೆ ಆಯ್ತದೆ ಅಂತ್ಲೇ ಅಂದ್ಕೋತೀನಿ. ದಿನಾ ಸಂಜೆ ಆರಕ್ಕೆ ಕಳಿಸ್ತೀನಿ."

ಟವೆಲ್ ಸುತ್ತಿಕೊಂಡು ಹೊರಗೆ ಬಂದೆ. ಅವರು ಹಿಂದೆ ತಿರುಗಿದರು. ನನ್ನ ಬೋಳು ನೋಡಿದರು. ಕಿಟಕಿ ನೋಡಿದರು. ಮತ್ತೆ ನನ್ನನ್ನು ನೋಡಿದರು. ಕಿಟಕಿಯೊಳಗೆ ಕೈ ಹಾಕಿ ಚೊಂಬನ್ನು ತಿರುಗಿಸಿ ನೋಡಿದರು.

"ಕ್ಷಮಿಸಿ ಅಕ್ಕ. ಅದು ನನ್ನ ಕೂದಲು. ಆರಲಿ ಅಂತ ಇಟ್ಟಿದ್ದೆ."

ಚೊಂಬನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. ಒಂದೇ ಮಾತು ಹೇಳಿ ಮೆಟ್ಟಿಲಿಳಿದರು.

"ಮಾತು ಆಗೋಗೈತೆ. ಆರಕ್ಕೆ ಬತ್ತಾಳೆ."

ಈಗಲೂ ಬರುತ್ತಾಳೆ. ಚೊಂಬು ಕೊಟ್ಟ ಮಾತು, ನಾನು ಪಾಠ ಮಾಡುತ್ತಿದ್ದೇನೆ.

೪. ಗೂಡು

ಸುದ್ದಿ ಕೇಳಿ ಸಂಜೆ ಓನರ್ ಬಂದರು. ನಗಲು ಬಂದಿದ್ದಾರೆ ಎಂದುಕೊಂಡು ಬಾಗಿಲಲ್ಲೇ ಹೇಳಿದೆ: "ಹೌದು, ಕೂದಲು ಅಂಟಿಸಿದ್ದು. ಬಾಡಿಗೆಗೂ ಅದಕ್ಕೂ ಸಂಬಂಧ ಇಲ್ಲ."

ಅವರು ಕೇಳಿಸಿಕೊಳ್ಳಲೇ ಇಲ್ಲ. ನೇರ ಚೊಂಬಿನ ಹತ್ತಿರ ಹೋದರು. ಒಂದು ಎಳೆ ಹಿಡಿದು ಬೆಳಕಿಗೆ ಚಾಚಿದರು. ಎರಡು ಬೆರಳ ನಡುವೆ ಜಾರಿಸಿದರು.

"ಇದ್ಕೇನ್ ಹಾಕೀರಿ?"

"ಕಂಡೀಷನರ್."

"ಬುಡಕ್ಕೂ ಹಾಕೀರಾ?"

"ಇಲ್ಲ. ತುದಿಗೆ ಮಾತ್ರ."

"ಹಂಗೇ ಮಾಡಿ. ಸಿಕ್ಕನ್ನೂ ತುದಿಯಿಂದ್ಲೇ ಬುಡಿಸ್ಬೇಕು. ಬುಡದಿಂದ ಎಳೆದ್ರೆ ಎಳೆ ತುಂಡಾಯ್ತದೆ."

ನಾನು ಎರಡು ತಿಂಗಳಿನಲ್ಲಿ ಕಲಿತದ್ದನ್ನು ಅವರು ಎರಡು ನಿಮಿಷದಲ್ಲಿ ಹೇಳಿದರು. ಇಡೀ ಜಿಲ್ಲೆಯಲ್ಲಿ ನನ್ನ ಕೂದಲನ್ನು ಸರಿಯಾಗಿ ನೋಡಿದವರು ಇವರೊಬ್ಬರೇ. ಹೊರಡುವಾಗ ಒಮ್ಮೆ ಪ್ಯಾಚ್ ನೋಡಿದರು, ಒಮ್ಮೆ ನನ್ನ ನೆತ್ತಿ ನೋಡಿದರು.

"ಗೂಡು ಚೆನ್ನಾಗೈತೆ ಸಾರ್. ಹುಳ ಆಚೆ ಬಂದೈತೆ, ಅಷ್ಟೇಯ."

೫. ಅರಗು

ಇದು ಚಿಕ್ಕದು. ಚನ್ನಪಟ್ಟಣದ ಹತ್ತಿರದ ಒಂದು ಕೇಂದ್ರಕ್ಕೆ ಗೊಂಬೆ ಕೆಲಸದವರೊಬ್ಬರು ಹಾಲು ತರುತ್ತಾರೆ. ಅವರ ಹಾಲಿನಲ್ಲಿ ಯಾವತ್ತೂ ನೀರಿಲ್ಲ. ಮಾತಿನಲ್ಲೂ ಇಲ್ಲ.

"ಸಾರ್, ತಲೇದು ಅಂಟ್ಸಿದ್ದಲ್ವಾ?"

"ಹೌದು."

"ಎಷ್ಟ್ ದಿನ ತಡೀತದೆ?"

"ಮೂರು ವಾರ."

ಅವರಿಗೆ ಬೇಸರವಾಯಿತು. ಅದು ಕಸುಬಿನವರ ಬೇಸರ.

"ಬರೀ ಮೂರು ವಾರನಾ? ನಮ್ ಶೆಡ್ಡಿಗೆ ಬನ್ನಿ. ಮಿಷಿನ್ನಿಗೆ ಕೊಟ್ಟು, ಜೋರಾಗಿ ತಿರುಗ್ಸಿ, ಬಿಸಿಗೆ ಅರಗು ಹಿಡ್ಸಿದ್ರೆ ಜನ್ಮಕ್ಕೂ ಬುಡಾಕಿಲ್ಲ. ಬಣ್ಣ ನೀವೇ ಆರಿಸ್ಕಳಿ."

"ನೋವಾಗಲ್ವಾ?"

"ಇದುವರ್ಗೂ ಯಾವ ಗೊಂಬೇನೂ ಅಂದಿಲ್ಲ ಸಾರ್."

೬. ದೂರು

ಇಲ್ಲಿಯವರೆಗೆ ನಕ್ಕವರೆಲ್ಲ ಒಳ್ಳೆಯವರು. ಕನಕಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಗಾಗಲಿಲ್ಲ.

ಆ ಕೇಂದ್ರದಲ್ಲಿ ಲೆಕ್ಕದ ಪುಸ್ತಕ ಬರೆಯುವವರು ಒಬ್ಬ ಅಕ್ಕ. ಹಾಲು ಹಾಕುವವರಲ್ಲಿ ದೊಡ್ಡವರು ಒಬ್ಬ ಯಜಮಾನರು. ಉಳಿದವರು ಪಾತ್ರೆಯಲ್ಲಿ ತಂದರೆ ಇವರು ಕ್ಯಾನಿನಲ್ಲೇ ತರುತ್ತಾರೆ. ಇವರು ಬಂದರೆ ಸಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಹಾಲಿನಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಟ್ಟರೆ ಎಷ್ಟು ಡಿಗ್ರಿ ಎಂದು ಕಾಣುತ್ತದೆ. ಹಸುವಿನ ಹಾಲಾದರೆ ಇಪ್ಪತ್ತೆಂಟರ ಆಸುಪಾಸು ಇರಬೇಕು. ನೀರು ಬೆರೆತಷ್ಟೂ ಅಂಕಿ ಇಳಿಯುತ್ತದೆ. ಓದಲು ಕಣ್ಣು ಅದರ ಮಟ್ಟಕ್ಕೇ ಬರಬೇಕು, ಆದ್ದರಿಂದ ಬಗ್ಗಬೇಕು. ನಾನು ಬಗ್ಗಿ ಓದಿದೆ.

"ಇಪ್ಪತ್ಮೂರು."

ಯಜಮಾನರು ನನ್ನ ಹಿಂದೆ ನಿಂತಿದ್ದರು. ಬಗ್ಗಿದವನ ನೆತ್ತಿಯಲ್ಲಿ ಅವರಿಗೆ ಬಲೆಯ ಅಂಚು ಕಂಡಿತು.

"ಏನ್ಲಾ ಇದು? ತಲೆ ಮೇಲಿರೋದೇ ಡೂಪ್ಲಿಕೇಟು. ಇವ್ನು ನಮ್ಮ ಹಾಲ್ನಾಗೆ ಕಲಬೆರಕೆ ಹಿಡೀತಾನಂತೆ!"

ಎಲ್ಲರೂ ನಕ್ಕರು. ನಾನು ಹೇಳಿದೆ: "ಹೌದು ಯಜಮಾನ್ರೇ, ಕೂದಲು ಅಂಟಿಸಿದ್ದು. ಹಾಲು ಇಪ್ಪತ್ಮೂರು. ಅಕ್ಕ, ಬರ್ಕೊಳ್ಳಿ."

ಕ್ಯಾನ್ ವಾಪಸು ಹೋಯಿತು. ಸುದ್ದಿ ಮಾತ್ರ ಉಳಿಯಿತು. ಮರುದಿನ ಇನ್ನೂ ಮೂವರು ನಾನು ಹೇಳಿದ ಅಂಕಿ ಒಪ್ಪಲಿಲ್ಲ. "ಕೂದ್ಲೇ ಸುಳ್ಳು, ಅಂಕಿ ದಿಟನಾ?" ಎಂದರು. ಮೂರನೇ ದಿನ ಮ್ಯಾನೇಜರಿಗೆ ಯಜಮಾನರ ಫೋನು ಹೋಯಿತು. ನನ್ನ ಪ್ರೊಬೇಷನ್ ಮುಗಿಯಲು ಹತ್ತು ದಿನ ಇತ್ತು.

ಮ್ಯಾನೇಜರ್ ಕರೆಸಿದರು.

"ಸೋಮವಾರ ನಾನೇ ಅಲ್ಲಿಗೆ ಬರ್ತೀನಿ. ಎಲ್ಲರ ಎದುರಿಗೆ ಟೆಸ್ಟ್ ಮಾಡಿ. ಅಂಕಿ ಅವರು ಒಪ್ಪಿದ್ರೆ ಸರಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ. ಅಲ್ಲೀವರೆಗೆ ಒಂದು ಕ್ಯಾಪ್ ಹಾಕ್ಕೊಳ್ಳಿ."

"ಹಾಕಲ್ಲ ಸರ್."

"ಯಾಕ್ರೀ?"

"ಈಗ ಕ್ಯಾಪ್ ಹಾಕಿದ್ರೆ ತಪ್ಪು ಒಪ್ಪಿಕೊಂಡ ಹಾಗೆ. ನಾನು ಯಾರಿಗೂ ಏನೂ ಮುಚ್ಚಿಟ್ಟಿಲ್ಲ."

ಮ್ಯಾನೇಜರ್ ನನ್ನ ತಲೆಯನ್ನೇ ನೋಡಿದರು.

"ಏನೂ ಮುಚ್ಚಿಟ್ಟಿಲ್ವಾ?"

"ಬೋಳು ಒಂದನ್ನ ಬಿಟ್ಟು ಸರ್."

೭. ಸೋಮವಾರ

ತಪ್ಪು ನನ್ನದೇ. ದಾಖಲಿಸುತ್ತೇನೆ.

ಸೋಮವಾರ ಬೆಳಿಗ್ಗೆ ನನಗೆ ಹಠ ಬಂದಿತ್ತು. ನೋಡುವುದಾದರೆ ಸರಿಯಾಗಿಯೇ ನೋಡಲಿ, ಕೂದಲು ಫಳಫಳ ಹೊಳೆಯಲಿ ಎಂದುಕೊಂಡೆ. ಕಡಲೆಕಾಳಿನಷ್ಟು ತೆಗೆದುಕೊಳ್ಳಬೇಕಾದವನು ನೆಲ್ಲಿಕಾಯಿಯಷ್ಟು ತೆಗೆದುಕೊಂಡೆ. ತುದಿಯಲ್ಲಿ ನಿಲ್ಲಿಸಬೇಕಾದವನು ಬುಡದವರೆಗೂ ಸವರಿದೆ. ಆ ಒಂದು ಇಂಚು ನೆನಪಾಗಲಿಲ್ಲ. ಅಂಟಿಸಿ ಮೂರನೇ ವಾರ ನಡೆಯುತ್ತಿತ್ತು, ಗೋಂದು ಮೊದಲೇ ಹಳೆಯದು. ಮೇಲೆ ಹೆಲ್ಮೆಟ್ಟಿನ ಕಾವು. ಇಷ್ಟೆಲ್ಲ ಕಾರಣಗಳನ್ನು ಒಟ್ಟು ಸೇರಿಸಿಕೊಂಡು ರಾಮನಗರದಿಂದ ಹೊರಟೆ.

ದಿನಾ ಹದಿನೈದು ಜನ ಇರುವ ಕೇಂದ್ರದಲ್ಲಿ ಅವತ್ತು ಹಾಲಿಲ್ಲದವರೂ ಬಂದಿದ್ದರು. ಮ್ಯಾನೇಜರ್ ತಕ್ಕಡಿಯ ಪಕ್ಕ ನಿಂತಿದ್ದರು. ಅಕ್ಕ ಪುಸ್ತಕ ತೆರೆದಿದ್ದರು. ಯಜಮಾನರು ಕ್ಯಾನ್ ಇಳಿಸಿ, ಮುಚ್ಚಳ ತೆಗೆದು, ಜನರ ಕಡೆ ತಿರುಗಿದರು.

"ನೋಡ್ಕಳ್ರಪ್ಪ. ಅಪ್ಪಟ. ಕರೆದಿದ್ದು ಕರೆದಂಗೇ ತಂದಿವ್ನಿ."

ನಾನು ಹಾಲು ಕಲಕಿದೆ. ಒಂದು ಅಳತೆ ತೆಗೆದು ಜಾಡಿಗೆ ಅಂಚಿನಿಂದ ಸುರಿದೆ. ಲ್ಯಾಕ್ಟೋಮೀಟರ್ ಬಿಟ್ಟೆ. ಅದು ಮೇಲೆ ಕೆಳಗೆ ಆಡಿ ನಿಂತಿತು. ಓದಲು ಬಗ್ಗಿದೆ.

ತಲೆ ತಣ್ಣಗಾಯಿತು. ಪಕ್ಕದಲ್ಲಿ 'ಪ್ಲಪ್' ಎಂದಿತು.

ಪ್ಯಾಚ್ ಯಜಮಾನರ ಕ್ಯಾನಿನಲ್ಲಿ ತೇಲುತ್ತಿತ್ತು.

ಮೊದಲು ಬಾಯಿ ಬಿಟ್ಟವರು ಅಕ್ಕ. ಪೆನ್ನು ಹಿಡಿದೇ ಕೇಳಿದರು.

"ಸಾರ್, ಇದ್ನ ಹಸು ಹಾಲು ಅಂತ ಬರ್ಕೊಳ್ಲಾ, ಎಮ್ಮೆ ಹಾಲು ಅಂತ ಬರ್ಕೊಳ್ಲಾ?"

ಆ ಕಟ್ಟಡದ ಶೀಟು ಹಾರಿಹೋಗುವ ಹಾಗೆ ಜನ ನಕ್ಕರು. ಮ್ಯಾನೇಜರ್ ಗೋಡೆಯ ಕಡೆ ತಿರುಗಿಕೊಂಡರು, ಅವರ ಭುಜ ಕುಣಿಯುತ್ತಿತ್ತು. ನಗದವರು ಇಬ್ಬರೇ. ನಾನು ಮತ್ತು ಯಜಮಾನರು.

ಯಜಮಾನರಿಗೆ ದಾರಿ ಕಂಡಿತ್ತು.

"ಹಾಳ್ ಮಾಡ್ಬುಟ್ನಲ್ಲ! ನನ್ನ ಅಪ್ಪಟ ಹಾಲಿಗೆ ಇವ್ನ ಬೆವರು, ಎಣ್ಣೆ ಎಲ್ಲಾ ಬಿದ್ದೋಯ್ತು. ಇನ್ನು ಡಿಗ್ರಿ ಕಮ್ಮಿ ಬಂದ್ರೆ ಅದು ನಂದಲ್ಲ, ಇವ್ನ ತಲೇದು!"

"ಎಣ್ಣೆ ಅಲ್ಲ," ಎಂದೆ. "ಕಂಡೀಷನರ್."

ಬೈಕ್ ಹತ್ತಿ ಹೋಗಬಹುದಿತ್ತು. ಕೀಲಿ ಜೇಬಿನಲ್ಲೇ ಇತ್ತು. ಹೋಗಿದ್ದರೆ ಅವತ್ತಿನಿಂದ ಆ ಮೂರು ತಾಲ್ಲೂಕಿನಲ್ಲಿ ನಾನು ಹೇಳಿದ ಒಂದು ಅಂಕಿಯನ್ನೂ ಯಾರೂ ನಂಬುತ್ತಿರಲಿಲ್ಲ.

ಎರಡು ಬೆರಳಿನಿಂದ ಪ್ಯಾಚ್ ಎತ್ತಿದೆ. ಹಾಲು ಸೋರುವವರೆಗೆ ಹಿಡಿದೆ. ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿದೆ. ಕೈ ತೊಳೆದುಕೊಂಡು ಬೋಳು ತಲೆಯಲ್ಲೇ ಜನರ ಎದುರು ನಿಂತೆ.

"ನನ್ನ ತಲೇಲಿ ಏನು ಸೇರಿಸಿದ್ದೆ ಅಂತ ಎಲ್ಲರೂ ನೋಡಿದ್ರಿ. ನನ್ನ ಟೆಸ್ಟ್ ಮುಗೀತು. ಈಗ ಕ್ಯಾನಿಂದು. ಜಾಡಿಯಲ್ಲಿರೋ ಹಾಲು ಕೂದಲು ಬೀಳೋಕೆ ಮುಂಚೆ ತೆಗೆದಿದ್ದು. ಬಿದ್ದ ಮೇಲಿನದನ್ನೂ ಬೇರೆ ಜಾಡೀಲಿ ತೆಗೀತೀನಿ. ನನ್ನ ಕೂದಲಿಂದ ಡಿಗ್ರಿ ಇಳಿದಿದ್ರೆ ಮೊದಲನೇದು ಇಪ್ಪತ್ತೆಂಟು ಇರಬೇಕು, ಎರಡನೇದು ಮಾತ್ರ ಕಮ್ಮಿ ಇರಬೇಕು. ಹೌದೋ ಅಲ್ಲವೋ?"

"ಹೌದು," ಎಂದಿತು ಸಾಲು. ಕ್ಯಾನಿನಿಂದ ಎರಡನೇ ಜಾಡಿ ತುಂಬಿ, ಅದರಲ್ಲೂ ಒಂದು ಲ್ಯಾಕ್ಟೋಮೀಟರ್ ಬಿಟ್ಟೆ.

"ನಾನು ಓದಲ್ಲ. ನನ್ನ ಮಾತು ನಂಬಬೇಡಿ. ಯಜಮಾನ್ರೇ ಓದಲಿ."

ಯಜಮಾನರು ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರ್ ಜಾಡಿಯ ಕಡೆ ಕೈ ತೋರಿದರು. ಮೂವತ್ತು ಜನ ಒಂದು ಹೆಜ್ಜೆ ಹತ್ತಿರ ಬಂದರು. ಯಜಮಾನರು ಬಗ್ಗಿದರು. ಮೊದಲನೇ ಜಾಡಿ ನೋಡಿದರು. ಎರಡನೆಯದು ನೋಡಿದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಜೋರಾಗ್ ಹೇಳಿ ಯಜಮಾನ್ರೇ," ಎಂದರು ಅಕ್ಕ. "ಬರ್ಕೋಬೇಕು."

"ಕಣ್ ಕಾಣಾಕಿಲ್ಲ," ಎಂದರು ಯಜಮಾನರು.

"ಮೊನ್ನೆ ಬಲೆ ಕಾಣ್ತಲ್ಲ!" ಎಂದರು ಹಿಂದಿನಿಂದ ಯಾರೋ.

ಮತ್ತೆ ನಗು. ಈ ಸಲ ನಾನೂ ನಕ್ಕೆ. ಯಜಮಾನರು ಇನ್ನಷ್ಟು ಬಗ್ಗಿ, ಜಾಡಿಗೆ ಮಾತ್ರ ಕೇಳುವ ಹಾಗೆ ಎರಡು ಅಂಕಿ ಹೇಳಿದರು. ಜಾಡಿಯ ಪಕ್ಕದಲ್ಲೇ ಇದ್ದ ಅಕ್ಕ ಊರಿಗೇ ಕೇಳುವ ಹಾಗೆ ಎರಡನ್ನೂ ಪುನಃ ಹೇಳಿ ಬರೆದುಕೊಂಡರು.

ಆ ಕ್ಯಾನನ್ನು ಡೇರಿಗೆ ಕಳಿಸಲಿಲ್ಲ. ಪ್ರೊಬೇಷನ್ ಮುಗಿದ ದಿನವೇ ನಾನು ಖಾಯಂ ಆದೆ. ಈಗ ಕೇಂದ್ರಗಳಲ್ಲಿ ಹಾಲಿನ ಹತ್ತಿರ ಬರುವ ಎಲ್ಲರಿಗೂ ಕ್ಯಾಪ್ ಕಡ್ಡಾಯ, ಮ್ಯಾನೇಜರಿಗೂ, ಯಜಮಾನರಿಗೂ. ಎಲ್ಲರಿಗೂ ಎಂದ ಮೇಲೆ ನಾನೂ ಹಾಕುತ್ತೇನೆ. ಅದರ ಕೆಳಗೆ ಕೂದಲು ಅಂಟಿಸುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹಾಲಿನಲ್ಲಿ ಬಿದ್ದ ಮೇಲೆ ಅದು ಒಂದು ವಾರ ತುಂಬ ಮೃದುವಾಗಿತ್ತು. ಕಾರಣ ಇನ್ನೂ ಪರೀಕ್ಷಿಸಿಲ್ಲ.

ಆ ಸೋಮವಾರದ ಪುಟದಲ್ಲಿ ಅಕ್ಕ ಬರೆದದ್ದು ಎರಡು ಸಾಲು.

ಕೂದಲು ಬೀಳುವ ಮುಂಚೆ: ಇಪ್ಪತ್ತೆರಡು.

ಕೂದಲು ಬಿದ್ದ ಮೇಲೆ: ಇಪ್ಪತ್ತೆರಡು.